ಇಂಗ್ಲಿಷ್ ಓದಿದರೆ ಮೇಷ್ಟ್ರ ಕೆಲಸವೊಂದೇನಾ?

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಕಂದಾಯದ ಲೆಕ್ಕದಲ್ಲಿ ತುಮಕೂರು ಜಿಲ್ಲೆಗೆ ಸೇರಿದವು. ಶಾಲೆಯ ಲೆಕ್ಕದಲ್ಲಿ ಮಾತ್ರ ಬೇರೆಯೇ ಜಿಲ್ಲೆ. ಎಸ್ಸೆಸ್ಸೆಲ್ಸಿ ಫಲಿತಾಂಶದ ಪಟ್ಟಿಯಲ್ಲಿ 'ಮಧುಗಿರಿ'ಗೆ ಪ್ರತ್ಯೇಕ ಸಾಲಿದೆ. ಇಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿದ ಎಷ್ಟೋ ಮಕ್ಕಳಿಗೆ ಇಂಗ್ಲಿಷ್ ಎಂದರೆ ಹೇಗಾದರೂ ಪಾಸಾಗಬೇಕಾದ ಪೇಪರು. ಅದನ್ನೇ ಬಿ.ಎ.ಗೆ ಐಚ್ಛಿಕವಾಗಿ ತೆಗೆದುಕೊಳ್ಳುತ್ತೇನೆಂದರೆ ಮನೆಯಲ್ಲಿ ಒಂದೇ ಪ್ರಶ್ನೆ: "ಮೇಷ್ಟ್ರಾಗ್ತೀಯಾ?"

ಮೇಷ್ಟ್ರಾದರೆ ತಪ್ಪೇನಿಲ್ಲ. ಆದರೆ ಈ ಓದು ಅಷ್ಟಕ್ಕೇ ನಿಲ್ಲುವುದಿಲ್ಲ.

ತುಮಕೂರು ಜಿಲ್ಲೆಯ ಸಂಪಿಗೆಯಲ್ಲಿ 1884ರಲ್ಲಿ ಹುಟ್ಟಿದ ಬಿ.ಎಂ. ಶ್ರೀಕಂಠಯ್ಯ ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಪಾಠ ಹೇಳಿದ್ದು ಇಂಗ್ಲಿಷನ್ನು. ದಿಕ್ಕು ಬದಲಿಸಿದ್ದು ಕನ್ನಡ ಕಾವ್ಯದ್ದು. 'ಇಂಗ್ಲಿಷ್ ಗೀತಗಳು' ಬಂದ ಮೇಲೆ ನಮ್ಮ ಕವಿತೆ ಮತ್ತೆ ಮೊದಲಿನಂತೆ ಉಳಿಯಲಿಲ್ಲ. ತುಮಕೂರಿನಲ್ಲಿ ಇಂಗ್ಲಿಷ್ ಅಧ್ಯಾಪಕರಾಗಿದ್ದ ಕೆ.ಬಿ. ಸಿದ್ದಯ್ಯ ದಲಿತ ಲೋಕದ ನೋವು, ಪುರಾಣಗಳನ್ನು 'ಬಕಾಲ', 'ದಕ್ಲಕಥಾದೇವಿ'ಯಂಥ ಖಂಡಕಾವ್ಯಗಳಲ್ಲಿ ಹಾಡಿದರು. ಪಿ. ಲಂಕೇಶ್ ಇಂಗ್ಲಿಷ್ ಮೇಷ್ಟ್ರ ಕೆಲಸ ಬಿಟ್ಟು 1980ರಲ್ಲಿ ಪತ್ರಿಕೆಯನ್ನೇ ಕಟ್ಟಿದರು.

ತರಗತಿಯಲ್ಲಿ ನಡೆಯುವುದಾದರೂ ಏನು? ಒಂದು ಪದ್ಯದ ಹದಿನಾಲ್ಕು ಸಾಲನ್ನು ಒಂದು ಗಂಟೆ ಹಿಂಜಿ ನೋಡುವುದು, ಹೇಳಿದ್ದರ ಹಿಂದೆ ಹೇಳದೆ ಬಿಟ್ಟದ್ದನ್ನು ಹುಡುಕುವುದು, ತಿಳಿದದ್ದನ್ನು ಎರಡು ಪುಟದಲ್ಲಿ ಒಪ್ಪವಾಗಿ ಬರೆಯುವುದು. ಸ್ಪೋಕನ್ ಇಂಗ್ಲಿಷ್ ಕೋರ್ಸಿನಲ್ಲಿ ಸಿಗದ ಪಳಗಿಕೆ ಇದು. ಊರಿನ ಕೆಲಸಕ್ಕೂ ಇದು ಒದಗುತ್ತದೆ. ಪಾವಗಡದ ತಿರುಮಣಿ ಸುತ್ತಮುತ್ತ 2,050 ಮೆಗಾವ್ಯಾಟ್‌ನ ಸೌರ ಪಾರ್ಕ್‌ಗೆ ರೈತರು ಜಮೀನು ಮಾರಲಿಲ್ಲ, ಗುತ್ತಿಗೆಗೆ ಕೊಟ್ಟರು. ಗುತ್ತಿಗೆ ಪತ್ರವಾಗಲಿ, ವಿಮೆಯ ಷರತ್ತಾಗಲಿ, ಸಣ್ಣ ಅಕ್ಷರವನ್ನೂ ಬಿಡದೆ ಓದಿ ಊರಿನವರ ಮಾತಿನಲ್ಲಿ ಬಿಡಿಸಿ ಹೇಳುವುದಕ್ಕೆ ಇದೇ ಕಣ್ಣು ಬೇಕು. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ ಆಡುತ್ತ ಬೆಳೆದ ಪಾವಗಡದ ಹುಡುಗಿಗೆ ಇಂಗ್ಲಿಷ್ ಮೂರನೆಯ ನುಡಿ. ಅನುವಾದಕ್ಕೆ ಅದು ಕೊರತೆಯಲ್ಲ, ಬಂಡವಾಳ. ಬಾನು ಮುಷ್ತಾಕ್ ಅವರ ಕತೆಗಳನ್ನು ಇಂಗ್ಲಿಷಿಗೆ ತಂದ ದೀಪಾ ಭಾಸ್ತಿ 2025ರ ಅಂತರರಾಷ್ಟ್ರೀಯ ಬೂಕರ್ ಬಹುಮಾನದ 50,000 ಪೌಂಡ್‌ನಲ್ಲಿ ಲೇಖಕಿಯೊಂದಿಗೆ ಸಮಪಾಲು ಪಡೆದರು.

ಎಲ್ಲರಿಗೂ ಬೂಕರ್ ಬರುವುದಿಲ್ಲ, ಬಿಡಿ. ಸುದ್ದಿಮನೆ, ಜಾಹೀರಾತು, ಉಪಶೀರ್ಷಿಕೆ, ಪಠ್ಯ ಸಂಪಾದನೆ ಇವೆ. ಪದವಿ ಕಾಲೇಜಿನಲ್ಲೇ ಪಾಠ ಹೇಳಬೇಕೆಂದರೆ ಎಂ.ಎ. ಜೊತೆಗೆ ನೆಟ್ ಅಥವಾ ಕೆ-ಸೆಟ್, ಹೈಸ್ಕೂಲಿಗಾದರೆ ಬಿ.ಇಡಿ.

ಸೇರುವ ಮುನ್ನ ಒಂದು ವಿಷಯ ವಿಚಾರಿಸಿಕೊಳ್ಳಿ: ಇಂಗ್ಲಿಷನ್ನು ಭಾಷಾ ಪತ್ರಿಕೆಯಾಗಿಯಷ್ಟೇ ಕಲಿಸುವ ಕಾಲೇಜುಗಳು ಬಹಳ, ನಿಮ್ಮ ಕಾಲೇಜಿನಲ್ಲಿ ಐಚ್ಛಿಕ ಇಂಗ್ಲಿಷ್ ಇದೆಯೇ?