ಸಣ್ಣ ಹಿಡುವಳಿಗೆ ಸಣ್ಣ ಟ್ರ್ಯಾಕ್ಟರ್: ಕೊಳ್ಳುವ ಮುನ್ನ

ಒಕ್ಕಲುತನದ ಮನೆಗಳಲ್ಲಿ ಮದುವೆಯ ಮಾತುಕತೆಯಷ್ಟೇ ಗಾಂಭೀರ್ಯದಿಂದ ನಡೆಯುವ ಮತ್ತೊಂದು ಮಾತುಕತೆಯೆಂದರೆ ಟ್ರ್ಯಾಕ್ಟರ್ ಕೊಳ್ಳುವುದು. ಹಿರಿಯರು ಸಾಲದ ಭಯವನ್ನು ಮುಂದಿಡುತ್ತಾರೆ. ಮಗ ಆಳು ಸಿಗದ ಸಂಕಟವನ್ನು ಹೇಳುತ್ತಾನೆ. ಕೊಟ್ಟಿಗೆಯ ಕೆಲಸವೆಲ್ಲ ತನ್ನ ಮೇಲೆಯೇ ಬಿದ್ದಿರುವುದನ್ನು ಬಲ್ಲ ಮನೆಯೊಡತಿ, ಎತ್ತುಗಳನ್ನು ಮಾರುವುದಾದರೆ ಮಾರಿಬಿಡಿ ಎನ್ನುತ್ತಾಳೆ. ಮೂವರ ಮಾತಿನಲ್ಲಿಯೂ ಸತ್ಯವಿದೆ. ಆದರೆ ಬಹುಪಾಲು ಮನೆಗಳಲ್ಲಿ ಈ ಚರ್ಚೆ “ಎಷ್ಟು ಎಚ್.ಪಿ.ಯದು?” ಎಂಬ ಪ್ರಶ್ನೆಯಿಂದ ಆರಂಭವಾಗುತ್ತದೆ. ಅದು “ಯಾವ ಕೆಲಸಕ್ಕೆ?” ಎಂಬ ಪ್ರಶ್ನೆಯಿಂದ ಆರಂಭವಾದರೆ ಎಷ್ಟೋ ಕುಟುಂಬಗಳು ಸಾಲದ ಹೊರೆಯಿಂದ ಪಾರಾದಾವು.

ನಮ್ಮ ದೇಶದಲ್ಲಿ ಟ್ರ್ಯಾಕ್ಟರ್ ತಯಾರಿಕೆ ಆರಂಭವಾದದ್ದು 1959ರಲ್ಲಿ, ಫರೀದಾಬಾದಿನ ಐಷರ್ ಕಾರ್ಖಾನೆಯಲ್ಲಿ. 1974ರಲ್ಲಿ ಸ್ವದೇಶಿ ವಿನ್ಯಾಸದ ಸ್ವರಾಜ್ ಪಂಜಾಬಿನಿಂದ ಹೊರಬಂದಿತು. ದೊಡ್ಡ ಟ್ರ್ಯಾಕ್ಟರುಗಳಿಗೆ ಬೇಕಾದುದು ಬಯಲು. ನಮ್ಮ ನಾಡಿನ ಸ್ಥಿತಿ ಬೇರೆ. 2015–16ರ ಕೃಷಿ ಗಣತಿಯಂತೆ ಕರ್ನಾಟಕದ ಸರಾಸರಿ ಹಿಡುವಳಿ 1.36 ಹೆಕ್ಟೇರು, ಎಂದರೆ ಸುಮಾರು ಮೂರೂಕಾಲು ಎಕರೆ ಮಾತ್ರ. ಇಂತಹ ನೆಲದ ಅಗತ್ಯವನ್ನು ಮೊದಲು ಗುರುತಿಸಿದವರಲ್ಲಿ ಬೆಂಗಳೂರಿನ ವಿ.ಎಸ್.ಟಿ. ಸಂಸ್ಥೆಯೂ ಒಂದು. 1967ರಲ್ಲಿ ಸ್ಥಾಪಿತವಾದ ಈ ಸಂಸ್ಥೆ ಜಪಾನಿನ ಮಿತ್ಸುಬಿಷಿಯ ಸಹಯೋಗದಿಂದ ಟಿಲ್ಲರುಗಳನ್ನೂ ಅನಂತರ ಸಣ್ಣ ಟ್ರ್ಯಾಕ್ಟರುಗಳನ್ನೂ ತಯಾರಿಸಿತು. ಇಂದು ಮಹೀಂದ್ರ, ಸ್ವರಾಜ್, ಕುಬೋಟ ಮೊದಲಾದವರೂ ಈ ಕ್ಷೇತ್ರದಲ್ಲಿದ್ದಾರೆ. ಸುಮಾರು 15ರಿಂದ 30 ಅಶ್ವಶಕ್ತಿಯವರೆಗಿನ ಈ ಯಂತ್ರಗಳನ್ನು ನಮ್ಮ ಜನ ಮಿನಿ ಟ್ರ್ಯಾಕ್ಟರ್ ಎಂದೇ ಕರೆಯುತ್ತಾರೆ.

ಅಂಗಡಿಗೆ ಹೋಗುವ ಮುನ್ನ ಅಳತೆಯ ಟೇಪು ಹಿಡಿದು ತೋಟಕ್ಕೆ ಹೋಗುವುದು ಲೇಸು. ಅಡಿಕೆಯನ್ನು ಸಾಮಾನ್ಯವಾಗಿ 9 ಅಡಿ ಅಂತರದಲ್ಲಿ ನೆಡುತ್ತಾರೆ. ಮೂರು ಅಡಿಗೆ ಸಮೀಪದ ಅಗಲವುಳ್ಳ ಟ್ರ್ಯಾಕ್ಟರ್ ಅಲ್ಲಿ ಸುಖವಾಗಿ ಸಾಗೀತೆಂದು ಕಾಗದದ ಮೇಲೆ ಕಾಣುತ್ತದೆ. ಆದರೆ ಸಾಲಿನ ನಡುವೆ ಬಾಳೆಯಿದ್ದರೆ, ಮರಕ್ಕೆ ಮೆಣಸಿನ ಬಳ್ಳಿ ಹಬ್ಬಿದ್ದರೆ, ಬಸಿಗಾಲುವೆ ಅಡ್ಡ ಬಂದರೆ, ಹನಿ ನೀರಾವರಿಯ ಕೊಳವೆ ನೆಲದ ಮೇಲೆಯೇ ಹರಿದಿದ್ದರೆ ಆ ಒಂಬತ್ತು ಅಡಿಯಲ್ಲಿ ಉಳಿಯುವುದೆಷ್ಟು? ಅದಕ್ಕಿಂತ ಮುಖ್ಯವಾದುದು ಸಾಲಿನ ಕೊನೆ. ಹಿಂದೆ ಉಪಕರಣವನ್ನು ಹೊತ್ತ ಯಂತ್ರ ಬೇಲಿಗೆ ತಾಗದೆ ತಿರುಗಲು ಜಾಗ ಬೇಕು. ವಿಜಯಪುರ, ಬಾಗಲಕೋಟೆಗಳ ದ್ರಾಕ್ಷಿ ತೋಟಗಳಲ್ಲಿ ಅಗಲಕ್ಕಿಂತ ಎತ್ತರದ ಸಮಸ್ಯೆ ಹೆಚ್ಚು. ಚಪ್ಪರದ ತಂತಿಯ ಕೆಳಗೆ ಚಾಲಕನ ತಲೆಯೂ ಹೊಗೆಕೊಳವೆಯೂ ಹಾದುಹೋಗಬೇಕಷ್ಟೆ. ಹೊಗೆಕೊಳವೆ ಮೇಲ್ಮುಖವಾಗಿರದೆ ಕೆಳಗಿನಿಂದ ಹೊರಬೀಳುವ ಮಾದರಿಗಳನ್ನು ಅಲ್ಲಿಯ ರೈತರು ಆರಿಸಿಕೊಳ್ಳುವುದು ಈ ಕಾರಣದಿಂದ. ತಿಪಟೂರು ಭಾಗದ ತೆಂಗಿನ ತೋಟಗಳಲ್ಲಿ ಈ ಎರಡು ತೊಡಕೂ ಕಡಿಮೆ. 25 ಅಡಿ ಅಂತರದ ಸಾಲುಗಳಲ್ಲಿ ದೊಡ್ಡ ಟ್ರ್ಯಾಕ್ಟರೂ ಓಡಾಡಬಲ್ಲದು. ಅಲ್ಲಿ ಸಣ್ಣದನ್ನು ಕೊಳ್ಳುವುದು ಬೆಲೆ ಮತ್ತು ಡೀಸೆಲ್ಲಿನ ಲೆಕ್ಕಾಚಾರದಿಂದಲೇ ಹೊರತು ಇಕ್ಕಟ್ಟಿನಿಂದಲ್ಲ.

ಟ್ರ್ಯಾಕ್ಟರ್ ಎಂಬುದು ತಾನಾಗಿ ಏನನ್ನೂ ಮಾಡದು. ಉಳುವುದು ನೇಗಿಲು, ಹರಗುವುದು ಕುಂಟೆ, ಬಿತ್ತುವುದು ಕೂರಿಗೆ. ನೊಗಕ್ಕೂ ನೇಗಿಲಿಗೂ ಇರುವ ಸಂಬಂಧವನ್ನು ಯಂತ್ರಯುಗದಲ್ಲಿ ಸರಿಯಾಗಿ ಬಿಡಿಸಿದವನು ಐರ್ಲೆಂಡಿನ ಹ್ಯಾರಿ ಫರ್ಗ್ಯುಸನ್. ಬರಿದೇ ಕೊಕ್ಕೆಗೆ ಸಿಕ್ಕಿಸಿ ಎಳೆಯುತ್ತಿದ್ದ ನೇಗಿಲು ಕಲ್ಲಿಗೋ ಬೇರಿಗೋ ತಗುಲಿದಾಗ ಟ್ರ್ಯಾಕ್ಟರಿನ ಮುಂಭಾಗ ಮೇಲೆದ್ದು ಚಾಲಕನ ಮೇಲೆಯೇ ಮಗುಚುತ್ತಿತ್ತು. ಆತ ಕೆಳಗೆ ಎರಡು, ಮೇಲೆ ಒಂದು, ಹೀಗೆ ಮೂರು ಬಿಂದುಗಳಲ್ಲಿ ಉಪಕರಣವನ್ನು ಜೋಡಿಸಿ, ಹೈಡ್ರಾಲಿಕ್ ಬಲದಿಂದ ಅದನ್ನು ಎತ್ತಿಳಿಸುವ ವ್ಯವಸ್ಥೆಯನ್ನು ರೂಪಿಸಿದ. 1939ರಲ್ಲಿ ಅಮೆರಿಕದ ಫೋರ್ಡ್ ಕಂಪನಿಯೊಡಗೂಡಿ ಅದನ್ನು ಬೃಹತ್ ಪ್ರಮಾಣದಲ್ಲಿ ಮಾರುಕಟ್ಟೆಗೆ ತಂದ. ಇಂದು ನಮ್ಮ ಹಳ್ಳಿಯ ಟ್ರ್ಯಾಕ್ಟರಿನ ಹಿಂಬದಿಯಲ್ಲಿ ಕಾಣುವ ಮೂರು ತೋಳುಗಳು ಅವೇ. ಸಣ್ಣ ಟ್ರ್ಯಾಕ್ಟರುಗಳಲ್ಲಿ ಈ ತೋಳುಗಳು ಎತ್ತುವ ಭಾರ ಹಲವು ಮಾದರಿಗಳಲ್ಲಿ 750 ಕೆ.ಜಿ. ಆಸುಪಾಸು. ಅದು ತೋಳಿನ ತುದಿಯಲ್ಲಿ ಅಳೆದ ಲೆಕ್ಕ. ಉಪಕರಣದ ತೂಕ ಹಿಂದಕ್ಕೆ ಚಾಚಿದಷ್ಟೂ ಎತ್ತುವ ಶಕ್ತಿ ಕುಗ್ಗುತ್ತದೆ.

ಇನ್ನೊಂದು ಅಂಗ ಪಿ.ಟಿ.ಓ., ಅಂದರೆ ಇಂಜಿನ್ನಿನ ಶಕ್ತಿಯನ್ನು ಹಿಂದಿನ ಉಪಕರಣಕ್ಕೆ ಒಯ್ಯುವ ತಿರುಗುದಂಡ. ರೋಟವೇಟರ್, ಔಷಧಿ ಸಿಂಪಡಿಸುವ ಬ್ಲೋಯರ್, ಗುಂಡಿ ತೋಡುವ ಯಂತ್ರ, ಇವೆಲ್ಲ ನಡೆಯುವುದು ಅದರಿಂದ. ಮಾರಾಟಗಾರರು ಹೇಳುವುದು ಇಂಜಿನ್ನಿನ ಅಶ್ವಶಕ್ತಿಯನ್ನು. ಕೊಳ್ಳುವವರು ಕೇಳಬೇಕಾದುದು ಪಿ.ಟಿ.ಓ. ಶಕ್ತಿಯನ್ನು. ಎರಡನೆಯದು ಮೊದಲನೆಯದಕ್ಕಿಂತ ಯಾವಾಗಲೂ ಕಡಿಮೆ. ಮಧ್ಯಪ್ರದೇಶದ ಬುಧ್ನಿಯಲ್ಲಿರುವ ಕೇಂದ್ರ ಸರ್ಕಾರದ ಪರೀಕ್ಷಾ ಸಂಸ್ಥೆ ಟ್ರ್ಯಾಕ್ಟರುಗಳನ್ನು ಪರೀಕ್ಷಿಸಿ ಈ ಶಕ್ತಿಯನ್ನೂ ಡೀಸೆಲ್ ಖರ್ಚನ್ನೂ ವರದಿಯಲ್ಲಿ ದಾಖಲಿಸುತ್ತದೆ. ಬಣ್ಣದ ಚಿತ್ರಗಳ ಕರಪತ್ರದ ಬದಲು ಆ ವರದಿಯನ್ನು ಕೇಳಿದರೆ ಮಾರಾಟಗಾರನ ಮಾತಿನ ಧಾಟಿಯೇ ಬದಲಾದೀತು!

ರೋಟವೇಟರಿನ ವಿಷಯವನ್ನು ತುಸು ವಿಸ್ತರಿಸಬೇಕಾಗಿದೆ, ಏಕೆಂದರೆ ಟ್ರ್ಯಾಕ್ಟರಿನೊಡನೆ ಎಲ್ಲರೂ ಕೊಳ್ಳುವ ಮೊದಲ ಉಪಕರಣ ಇದೇ. ಅದರ ಅಗಲ ಹಿಂದಿನ ಎರಡು ಚಕ್ರಗಳ ಹೊರ ಅಂಚನ್ನು ಮೀರಿರಬೇಕು. ಇಲ್ಲವಾದರೆ ಚಕ್ರ ತುಳಿದ ಗುರುತು ಹಾಗೆಯೇ ಉಳಿಯುತ್ತದೆ. ತೀರ ಅಗಲವಾದರೆ ಇಂಜಿನ್ ಏದುಸಿರು ಬಿಡುತ್ತದೆ. ಇದು ಯಂತ್ರದ ಮಾತಾಯಿತು. ಮಣ್ಣಿನ ಮಾತು ಇದಕ್ಕಿಂತ ದೊಡ್ಡದು. ಅಡಿಕೆಯ ಮತ್ತು ತೆಂಗಿನ ಬೇರುಗಳು ಮೇಲುಮಣ್ಣಿನಲ್ಲಿ, ಬುಡದ ಸುತ್ತಲೇ ದಟ್ಟವಾಗಿ ಹರಡಿರುತ್ತವೆ. ಕಳೆ ಕಂಡಾಗಲೆಲ್ಲ ರೋಟವೇಟರ್ ಹೊಡೆದರೆ ಕಳೆಯೊಡನೆ ಆಹಾರ ಹೀರುವ ಬೇರುಗಳೂ ಕತ್ತರಿಸಿಹೋಗುತ್ತವೆ. ಒಂದೇ ಆಳದಲ್ಲಿ ವರ್ಷ ವರ್ಷವೂ ತಿರುಗಿಸಿದ ನೆಲದಲ್ಲಿ ಅಲಗಿನ ಕೆಳಗೆ ಗಟ್ಟಿ ಪದರವೊಂದು ಕಟ್ಟಿಕೊಂಡು ಮಳೆಯ ನೀರು ಇಂಗುವುದಿಲ್ಲ. ನೋಡುವುದಕ್ಕೆ ತೋಟ ಹಿಟ್ಟು ಹರಡಿದಂತೆ ಚೆಲುವಾಗಿ ಕಾಣುತ್ತದೆ, ನೆರೆಯವರೂ ಹೊಗಳುತ್ತಾರೆ. ಮರ ಮಾತ್ರ ಸೊರಗುತ್ತದೆ. ಬಹುವಾರ್ಷಿಕ ತೋಟವುಳ್ಳವರು ರೋಟವೇಟರಿಗಿಂತ ಮೊದಲು ಹುಲ್ಲು ಕೊಚ್ಚಿ ಅಲ್ಲಿಯೇ ಹರಡುವ ಉಪಕರಣದ ಬಗೆಗೆ ಯೋಚಿಸುವುದು ಮೇಲೆಂದು ನನ್ನ ಅಭಿಪ್ರಾಯ. ತೆಂಗಿನ ಗರಿ ಪುಡಿಮಾಡುವ ಯಂತ್ರಗಳಲ್ಲಿ ಹಲವು ಸಣ್ಣ ಟ್ರ್ಯಾಕ್ಟರಿಗೆ ನಿಲುಕದಷ್ಟು ಶಕ್ತಿ ಬೇಡುತ್ತವೆ. ತಮ್ಮ ಕಣ್ಣೆದುರು ನಡೆಸಿ ನೋಡಿದ ಹೊರತು ಅದಕ್ಕೆ ಮುಂಗಡ ಕೊಡಬಾರದು. ರಾಗಿ, ಜೋಳ, ಹತ್ತಿಗಳ ಎಡೆ ಹೊಡೆಯುವವರಿಗೆ ಕಿರಿದಾದ ಚಕ್ರಗಳೂ ಕಲ್ಟಿವೇಟರೂ ಸಾಕು.

ನಾಲ್ಕೂ ಚಕ್ರಗಳಿಗೆ ಚಾಲನೆಯಿರುವ ಮಾದರಿಗೆ ಹೆಚ್ಚು ಹಣ ಕೊಡಬೇಕಾದರೂ ಹಗುರವಾದ ಯಂತ್ರಕ್ಕೆ ಅದರಿಂದ ಹಿಡಿತ ಬರುತ್ತದೆ. ಮಲೆನಾಡಿನ ಇಳಿಜಾರಿನಲ್ಲಿಯೂ ಗದ್ದೆಯ ಕೆಸರಿನಲ್ಲಿಯೂ ಇದು ಅಗತ್ಯವೇ ಸರಿ. ಬಯಲುಸೀಮೆಯ ಒಣ ನೆಲದಲ್ಲಿ ಟ್ರೇಲರ್ ಎಳೆಯುವುದೇ ಮುಖ್ಯ ಕೆಲಸವಾದರೆ ಆ ಹಣ ಉಳಿಸಬಹುದು.

ಇನ್ನು ಲೆಕ್ಕದ ಮಾತು. ಟ್ರ್ಯಾಕ್ಟರ್, ಒಂದೆರಡು ಉಪಕರಣ ಸೇರಿ 6 ಲಕ್ಷ ರೂಪಾಯಿ ಆಯಿತೆಂದು ಭಾವಿಸೋಣ. ವರ್ಷಕ್ಕೆ ಶೇಕಡಾ 10ರಂತೆ ಸವಕಳಿ 60,000. ಸಾಲ ತೀರುತ್ತ ಬಂದಂತೆ ಸರಾಸರಿ 3 ಲಕ್ಷದ ಮೇಲೆ ಶೇಕಡಾ 10ರ ಬಡ್ಡಿ 30,000. ವಿಮೆ, ರಿಪೇರಿಗೆಂದು 20,000. ಒಟ್ಟು 1,10,000. ವರ್ಷದಲ್ಲಿ ಯಂತ್ರ 150 ಗಂಟೆ ಮಾತ್ರ ದುಡಿದರೆ ಡೀಸೆಲ್ಲಿನ ಮುಂಚೆಯೇ ಗಂಟೆಗೆ 733 ರೂಪಾಯಿ ಬೀಳುತ್ತದೆ; 400 ಗಂಟೆ ದುಡಿದರೆ 275. ಈ ಅಂಕಿಗಳಿಗೆ ಡೀಸೆಲ್ಲನ್ನೂ ಚಾಲಕನ ಕೂಲಿಯನ್ನೂ ಕೂಡಿಸಿ ತಮ್ಮ ಊರಿನ ಬಾಡಿಗೆ ದರದೊಡನೆ ಹೋಲಿಸಿಕೊಳ್ಳಬೇಕು. ಕರ್ನಾಟಕದಲ್ಲಿ 2014–15ರಿಂದ ಆರಂಭವಾದ ಕೃಷಿ ಯಂತ್ರಧಾರೆ ಕೇಂದ್ರಗಳಲ್ಲಿಯೂ ಬಾಡಿಗೆಯನ್ನು ವಿಚಾರಿಸಬಹುದು. ಆದರೆ ಈ ಲೆಕ್ಕಕ್ಕೆ ಸಿಗದ ಸಂಗತಿಯೊಂದಿದೆ: ಹದ. ಮೊದಲ ಮಳೆ ಬಿದ್ದು ನೆಲ ಹದಕ್ಕೆ ಬಂದ ಮೂರು ದಿನಗಳಲ್ಲಿ ಊರಿನ ಎಲ್ಲರಿಗೂ ಬಾಡಿಗೆಯ ಟ್ರ್ಯಾಕ್ಟರ್ ಬೇಕು. ಆಗ ಸರದಿ ಕಾಯುವವನ ಬಿತ್ತನೆ ತಡವಾಗುತ್ತದೆ. ಮಳೆಯಾಶ್ರಿತ ಬೇಸಾಯದವರಿಗೆ ಸ್ವಂತ ಯಂತ್ರದ ಬೆಲೆ ಈ ಮೂರು ದಿನಗಳಲ್ಲಿದೆ. ನೀರಾವರಿ ತೋಟದವರಿಗೆ ಅಷ್ಟಿಲ್ಲ. ಅಣ್ಣತಮ್ಮಂದಿರ ಹೊಲಗಳು ಅಕ್ಕಪಕ್ಕದಲ್ಲಿದ್ದರೆ ಇಬ್ಬರೂ ಕೂಡಿ ಒಂದನ್ನೇ ಕೊಳ್ಳುವುದುಂಟು. ಒಳ್ಳೆಯದೇ. ಆದರೆ ಡೀಸೆಲ್, ರಿಪೇರಿ, ಸರದಿಗಳ ಕರಾರನ್ನು ಮೊದಲ ದಿನವೇ ಬರೆದಿಟ್ಟುಕೊಳ್ಳಬೇಕು.

2025ರ ಸೆಪ್ಟೆಂಬರ್ 22ರಿಂದ ಟ್ರ್ಯಾಕ್ಟರುಗಳ ಮೇಲಿನ ಜಿ.ಎಸ್.ಟಿ. ಶೇಕಡಾ 12ರಿಂದ 5ಕ್ಕೆ ಇಳಿದಿದೆ. ತೆರಿಗೆಗೆ ಮುಂಚಿನ ಬೆಲೆ 5 ಲಕ್ಷವಾದರೆ ಇದರಿಂದ 35,000 ರೂಪಾಯಿ ಉಳಿತಾಯ. ಬಿಲ್ಲಿನಲ್ಲಿ ಇದನ್ನು ಗಮನಿಸಬೇಕು. ಸಹಾಯಧನದ ಅರ್ಜಿಯ ವಿಚಾರವನ್ನು ಕೊಳ್ಳುವ ಮುನ್ನವೇ ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿಕೊಳ್ಳಬೇಕು.

ಮನೆಮಂದಿಯೆಲ್ಲ ಓದುವ ಪತ್ರಿಕೆಯಾದ್ದರಿಂದ ತಾಯಂದಿರಿಗೂ ಒಂದು ಮಾತು. ಪಿ.ಟಿ.ಓ. ದಂಡ ನಿಮಿಷಕ್ಕೆ 540 ಸುತ್ತು ತಿರುಗುತ್ತದೆ, ಎಂದರೆ ಒಂದು ಸೆಕೆಂಡಿಗೆ 9 ಸುತ್ತು. ಸೆರಗೋ ಪಂಚೆಯ ಅಂಚೋ ಹೆಗಲ ಮೇಲಿನ ವಲ್ಲಿಯೋ ಅದಕ್ಕೆ ಸಿಕ್ಕಿದರೆ ಬಿಡಿಸಿಕೊಳ್ಳಲು ಸಮಯವೇ ಇರುವುದಿಲ್ಲ. ದಂಡದ ಮೇಲಿನ ಪ್ಲಾಸ್ಟಿಕ್ ಕವಚವನ್ನು ಅಡ್ಡಿಯೆಂದು ತೆಗೆದು ಮೂಲೆಗೆಸೆಯುವವರೇ ಹೆಚ್ಚು; ಅದು ಒಡೆದರೆ ಅಂದೇ ಹೊಸದನ್ನು ಹಾಕಿಸಬೇಕು. ಅಗಲ ಕಡಿಮೆಯಿರುವ ಯಂತ್ರ ಬದುವಿನ ಅಂಚಿನಲ್ಲಿ ಬಲು ಬೇಗ ಪಕ್ಕಕ್ಕೆ ಮಗುಚುತ್ತದೆ. ಚಾಲಕನ ಹಿಂದೆ ಕಬ್ಬಿಣದ ರಕ್ಷಾ ಕಮಾನು ಇರುವ ಮಾದರಿ ದೊರೆತರೆ ಅದನ್ನೇ ಆರಿಸಬೇಕು. ಮಡ್‌ಗಾರ್ಡಿನ ಮೇಲೆ ಮಕ್ಕಳನ್ನು ಕೂರಿಸಿಕೊಂಡು ಹೊಲಕ್ಕೆ ಹೋಗುವ ರೂಢಿಯನ್ನು ಅಜ್ಜ ಅಜ್ಜಿಯರೇ ತಡೆಯಬೇಕು, ಏಕೆಂದರೆ ಅಪ್ಪಂದಿರು ಮಕ್ಕಳ ಹಟಕ್ಕೆ ಸೋಲುತ್ತಾರೆ. ಟ್ರೇಲರಿಗೂ ಪ್ರತ್ಯೇಕ ನೋಂದಣಿ ಬೇಕು, ವಿಮೆಯಲ್ಲಿ ಅದರ ಹೆಸರೂ ಇರಬೇಕು. ಅದು ಸರಕು ಸಾಗಿಸುವ ವಾಹನ. ಜಾತ್ರೆಗೂ ಮದುವೆಗೂ ಜನರನ್ನು ತುಂಬಿಕೊಂಡು ಹೋಗುವುದಕ್ಕಲ್ಲ. ಹಾಗೆ ಹೋದಾಗ ಅವಘಡವಾದರೆ ಪರಿಹಾರದ ಹೊರೆ ಮಾಲೀಕನ ಜಮೀನಿನ ಮೇಲೆಯೇ ಬಂದು ಬೀಳಬಹುದು.

ಕೊಳ್ಳಲು ನಿಶ್ಚಯಿಸಿದ ಮೇಲೆ ಯಂತ್ರವನ್ನು ತಮ್ಮ ತೋಟಕ್ಕೇ ತರಿಸಿ, ತಾವು ಕೊಳ್ಳಲಿರುವ ಉಪಕರಣವನ್ನೇ ಜೋಡಿಸಿ, ಅತಿ ಇಕ್ಕಟ್ಟಿನ ಸಾಲಿನಲ್ಲಿ ನಡೆಸಿ ತೋರಿಸುವಂತೆ ಕೇಳಬೇಕು. ಮೊದಲ ಸರ್ವೀಸು ಸಾಮಾನ್ಯವಾಗಿ 50 ಗಂಟೆಗಳ ಕೆಲಸಕ್ಕೆ ಬರುತ್ತದೆ; ಉಳುಮೆಯ ಹಂಗಾಮಿನಲ್ಲಿ ಅದು ಎರಡೇ ವಾರದಲ್ಲಿ ಬಂದರೂ ಬಂದೀತು. ಆಗ ಮೆಕ್ಯಾನಿಕ್ ಊರಿಗೆ ಬರುವನೋ, ಯಂತ್ರವನ್ನೇ ಪಟ್ಟಣಕ್ಕೆ ಒಯ್ಯಬೇಕೋ ಎಂಬುದನ್ನು ಮುಂಗಡ ಕೊಡುವ ಮುನ್ನವೇ ಕೇಳಿ ಬರೆಸಿಕೊಳ್ಳುವುದು ಒಳಿತು.