ಕಾಡುಪ್ರಾಣಿಗಳ ಕ್ಷೇಮಸಮಾಚಾರ

ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳಲ್ಲಿ ನೆಲೆಸಿರುವ ನಮ್ಮ ಹಳೆಯ ವಿದ್ಯಾರ್ಥಿನಿಯರು ಆಗಾಗ್ಗೆ ತಮ್ಮ ಕ್ಷೇಮಸಮಾಚಾರವನ್ನು ತಿಳಿಸುತ್ತಿರುವುದು ನಮಗೆ ಸಂತೋಷದ ವಿಷಯ. ಕೊಟ್ಟಿಗೆಯ ಹಸುವು ಒಂದು ಹೊತ್ತು ಮೇವು ಬಿಟ್ಟರೂ ಮನೆಯೊಡತಿಗೆ ತಿಳಿಯುವುದು. ಆಕೆ ಅದರ ಮೈ ಮುಟ್ಟಿ ನೋಡಿ ಪಶುವೈದ್ಯರಿಗೆ ಹೇಳಿಕಳುಹಿಸುವಳು. ಆದರೆ ಜೋಗಿಮಟ್ಟಿಯ ಚಿರತೆಯೂ ಕರಡಿಯೂ ಎಲ್ಲಿವೆ, ಹೇಗಿವೆ ಎಂಬುದನ್ನು ಅರಿಯುವ ಬಗೆ ಯಾವುದು? ಇದು ಬರಿಯ ಕುತೂಹಲದ ಪ್ರಶ್ನೆಯಲ್ಲ. ಕಾಡಿನ ಅಂಚಿನಲ್ಲಿ ಬಾಳುವವರ ಪ್ರಾಣವೇ ಕೆಲವು ವೇಳೆ ಇದರ ಉತ್ತರವನ್ನು ಅವಲಂಬಿಸಿರುತ್ತದೆ.

ಪ್ರಾಣಿಯನ್ನು ಮುಟ್ಟದೆ, ಅದು ಬಿಟ್ಟುಹೋದ ಗುರುತುಗಳನ್ನು ಓದುವುದು ಮೊದಲನೆಯ ಉಪಾಯ. 1997ರವರೆಗೆ ನಮ್ಮ ಜಿಲ್ಲೆಗೇ ಸೇರಿದ್ದ ಜಗಳೂರು ತಾಲ್ಲೂಕಿನಲ್ಲಿ ರಂಗಯ್ಯನದುರ್ಗವೆಂಬ ಕೊಂಡುಕುರಿ ವನ್ಯಜೀವಿಧಾಮವುಂಟು. ಗಂಡು ಕೊಂಡುಕುರಿಗೆ ನಾಲ್ಕು ಕೊಂಬುಗಳು. ಬಹು ಅಂಜುಬುರುಕ ಪ್ರಾಣಿಯಾದುದರಿಂದ ಅದು ಕಣ್ಣಿಗೆ ಬೀಳುವುದೇ ಅಪರೂಪ. ಆದರೆ ಒಂದೇ ಸ್ಥಳಕ್ಕೆ ಮತ್ತೆ ಮತ್ತೆ ಬಂದು ಹಿಕ್ಕೆ ಹಾಕುವುದು ಅದರ ಅಭ್ಯಾಸ. ಆ ಹಿಕ್ಕೆಯ ರಾಶಿಯನ್ನು ಕಂಡವರು ಕೊಂಡುಕುರಿ ಅಲ್ಲಿ ಸಂಚರಿಸುತ್ತಿದೆಯೆಂದು ತಿಳಿಯುವರು. ಅದನ್ನೇ ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿದರೆ ಪ್ರಾಣಿಯು ಏನು ತಿಂದಿತು, ಹೊಟ್ಟೆಯಲ್ಲಿ ಜಂತುಹುಳುಗಳಿವೆಯೇ ಎಂಬುದೂ ಗೊತ್ತಾಗುವುದು.

ಎರಡನೆಯದು ಛಾಯಾಚಿತ್ರ. ಇಬ್ಬರು ಮನುಷ್ಯರ ಬೆರಳಚ್ಚು ಹೇಗೆ ಒಂದೇ ಸಮನಾಗಿರದೋ ಹಾಗೆಯೇ ಒಂದು ಹುಲಿಯ ಪಟ್ಟೆ ಇನ್ನೊಂದಕ್ಕಿಲ್ಲ, ಒಂದು ಚಿರತೆಯ ಚುಕ್ಕೆಗಳ ವಿನ್ಯಾಸ ಇನ್ನೊಂದಕ್ಕಿಲ್ಲ. ಕಾಲುದಾರಿಯ ಎರಡು ಬದಿಗೂ ಕ್ಯಾಮರಾ ಕಟ್ಟಿದರೆ, ಹಾದುಹೋಗುವ ಪ್ರಾಣಿಯು ತನ್ನ ಚಿತ್ರವನ್ನು ತಾನೇ ತೆಗೆಸಿಕೊಳ್ಳುವುದು. ಎಡಮೈಯ ಗುರುತು ಬಲಮೈಯಲ್ಲಿ ಇಲ್ಲದಿರುವುದರಿಂದ ಎರಡು ಕ್ಯಾಮರಾಗಳು ಬೇಕು. ಅಮೆರಿಕದ ಫ್ಲಾರಿಡಾ ಪ್ರಾಂತದಲ್ಲಿ ಮ್ಯಾನಟೀ ಎಂಬ ಕಡಲಹಸುವನ್ನು ಗುರುತಿಸುವ ಬಗೆ ಮಾತ್ರ ಕರುಣಾಜನಕವಾದುದು: ಯಂತ್ರದ ದೋಣಿಗಳ ಅಲಗು ತಗುಲಿ ಅದರ ಬೆನ್ನ ಮೇಲೆ ಉಳಿದ ಗಾಯದ ಕಲೆಗಳೇ ಅಲ್ಲಿ ಹೆಸರಿನ ಚೀಟಿಗಳು!

ಮೂರನೆಯದು ರೇಡಿಯೊ ಪಟ್ಟಿ. ಶಿವರಾಮ ಕಾರಂತರ ಪುತ್ರರಾದ ಉಲ್ಲಾಸ ಕಾರಂತರು 1990ರಲ್ಲಿ ನಾಗರಹೊಳೆಯ ಹುಲಿಗಳಿಗೆ ಇಂಥ ಪಟ್ಟಿಗಳನ್ನು ತೊಡಿಸಿದರು. ಮದ್ದಿನ ಸೂಜಿಯನ್ನು ದೂರದಿಂದ ಹೊಡೆದು ಹುಲಿಗೆ ಮಂಪರು ಬರಿಸುವರು. ಅದು ಎಚ್ಚರಗೊಳ್ಳುವುದರೊಳಗೆ ಅಳತೆ ತೆಗೆದು, ಹಲ್ಲು ನೋಡಿ ವಯಸ್ಸನ್ನು ಅಂದಾಜು ಮಾಡಿ, ಕೊರಳಿಗೆ ಪಟ್ಟಿ ಬಿಗಿಯುವರು. ಪಟ್ಟಿಯು ಹೊರಡಿಸುವ ಸಂಕೇತವು ಯಾವ ದಿಕ್ಕಿನಿಂದ ಬರುತ್ತಿದೆಯೆಂದು ಎರಡು ಬೇರೆ ಬೇರೆ ಸ್ಥಳಗಳಲ್ಲಿ ನಿಂತು ನೋಡಿ, ನಕ್ಷೆಯ ಮೇಲೆ ಎರಡು ಗೆರೆ ಎಳೆದರೆ, ಅವು ಕೂಡುವ ಬಿಂದುವೇ ಹುಲಿಯ ಠಾವು. ರೇಖಾಗಣಿತದಿಂದ ಏನು ಪ್ರಯೋಜನವೆಂದು ಕೇಳುವ ಬಾಲಕಿಯರಿಗೆ ತಾಯಂದಿರು ಇದನ್ನು ತಿಳಿಸಬಹುದು. ಈಚೆಗೆ ಈ ಕೆಲಸವನ್ನು ಉಪಗ್ರಹಗಳೇ ಮಾಡುತ್ತವೆ. ಹಾಸನ ಜಿಲ್ಲೆಯ ಆನೆಗಳಿಗೂ ಪಟ್ಟಿ ಕಟ್ಟಿ, ಹಿಂಡು ಸಮೀಪಿಸುವಾಗ ಊರವರಿಗೆ ಮುನ್ಸೂಚನೆ ಕೊಡುವ ಏರ್ಪಾಡಾಗಿದೆ. ಬೆಳಗಿನ ಜಾವದಲ್ಲಿ ತೋಟಕ್ಕೆ ಹೋಗುವ ಕೂಲಿಯ ಹೆಂಗಸಿಗೆ ಆ ಒಂದು ಸುದ್ದಿಯು ಜೀವದಾನಕ್ಕೆ ಸಮಾನ.

ಇನ್ನು ಎಲ್ಲಕ್ಕಿಂತ ಗಂಭೀರವಾದ ಪಾಠವು ಶಿವಮೊಗ್ಗ ಜಿಲ್ಲೆಯದು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು. ಸುತ್ತಲಿನ ಹಳ್ಳಿಗರೂ ವಿಷಮ ಜ್ವರದಿಂದ ಮಲಗಿದರು. ಪುಣೆಯ ವೈರಸ್ ಸಂಶೋಧನ ಕೇಂದ್ರದವರು ಶೋಧಿಸಲಾಗಿ, ಎರಡಕ್ಕೂ ಕಾರಣ ಒಂದೇ ವೈರಸ್ ಎಂದೂ, ಅದನ್ನು ಹರಡುವುದು ಉಣುಗು ಎಂದೂ ತಿಳಿದುಬಂದಿತು. ಮಂಗನು ಸತ್ತೊಡನೆ ಉಣುಗುಗಳು ಆ ಹೆಣವನ್ನು ಬಿಟ್ಟು ಸುತ್ತಲಿನ ನೆಲಕ್ಕೆ ಇಳಿಯುತ್ತವೆ; ಸೌದೆಗೂ ತರಗೆಲೆಗೂ ಹೋದವರ ಮೈಯನ್ನು ಹತ್ತುತ್ತವೆ. ರೋಗಿಯ ಆರೈಕೆ ಮಾಡುವವರಿಗೆ ಇದು ಅಂಟುವುದಿಲ್ಲವೆಂಬುದನ್ನೂ ಅರಿತಿರಬೇಕು. ಆದುದರಿಂದಲೇ ಮಲೆನಾಡಿನಲ್ಲಿ ಮಂಗನ ಸಾವನ್ನು ಅಪಾಯದ ಗಂಟೆಯೆಂದು ಎಣಿಸಿ, ಹೆಣವನ್ನು ಪರೀಕ್ಷಿಸಿ, ಆ ಸ್ಥಳಕ್ಕೆ ಕೀಟನಾಶಕವನ್ನು ಎರಚಿ, ಕಾಡಿಗೆ ಹೋಗುವವರಿಗೆ ಉಣುಗು ತಡೆಯುವ ಎಣ್ಣೆಯನ್ನು ಕೊಡುವರು. ಸತ್ತ ಮಂಗನ ಸುದ್ದಿಯನ್ನು ಯಾರೂ ತಿಳಿಸದಿದ್ದರೆ ಈ ಎಚ್ಚರಿಕೆಗೆ ಎಡೆಯೆಲ್ಲಿ?

ಪೋಷಕರಲ್ಲಿಯೂ ಹಳೆಯ ವಿದ್ಯಾರ್ಥಿನಿಯರಲ್ಲಿಯೂ ನಮ್ಮ ವಿಜ್ಞಾಪನೆಯಿಷ್ಟು. ತೋಟದಲ್ಲಿ ಚಿರತೆ ಕಂಡರೆ ಗುಂಪುಗೂಡಿ ಕಲ್ಲೆಸೆಯಬೇಡಿರಿ. ಬೆದರಿದ ಪ್ರಾಣಿಯು ಎದುರಿಗೆ ಸಿಕ್ಕವರ ಮೇಲೆ ಬೀಳುವುದು. ಸತ್ತ ಮಂಗನನ್ನು ಕಂಡರೆ ಮಕ್ಕಳು ಮುಟ್ಟದಂತೆ ನೋಡಿಕೊಳ್ಳಿರಿ. ಎರಡು ಸಂದರ್ಭಗಳಲ್ಲಿಯೂ ಅರಣ್ಯ ಇಲಾಖೆಗೆ ಆ ಕೂಡಲೇ ತಿಳಿಸಿರಿ. ಮೂಕಪ್ರಾಣಿಗಳು ತಮ್ಮ ಕ್ಷೇಮವನ್ನು ತಾವು ಬರೆಯಲಾರವು. ಕಂಡುದನ್ನು ಕಂಡಂತೆ ತಿಳಿಸಬಲ್ಲ ಅಕ್ಷರಸ್ಥರಾದ ನಾವು ಅವುಗಳ ಪರವಾಗಿ ಆ ಎರಡು ಸಾಲನ್ನು ಬರೆಯಬಲ್ಲೆವು.