‘ಗುಂ’ ಮುಂದೆ ‘ಡೂರಾವ್’

ಸಾರಕ್ಕಿ ಮಾರ್ಕೆಟ್ಟಿನ ಹಿಂದಿನ ಗಲ್ಲಿಯ ಗುಜರಿ ಅಂಗಡಿಗೆ ಹೋಗಿದ್ದು ಮನೆಯ ಹಳೇ ಪೇಪರ್ ಹಾಕಲು. ವಾಪಸ್ ಬಂದದ್ದು ಅದಕ್ಕಿಂತ ಹಳೆಯ ಪೇಪರ್ ಹೊತ್ತುಕೊಂಡು. ತಕ್ಕಡಿಯ ಪಕ್ಕದಲ್ಲಿ ಸೆಣಬಿನ ಹುರಿ ಬಿಗಿದ ಒಂದು ಕಟ್ಟು ಬಿದ್ದಿತ್ತು. ಅಂಚುಗಳೆಲ್ಲ ಟೀ ಬಣ್ಣಕ್ಕೆ ತಿರುಗಿದ್ದವು. ಹೆಸರು ಮಾತ್ರ ದೂರದಿಂದಲೇ ಕಂಡಿತು: ಲಂಕೇಶ್ ಪತ್ರಿಕೆ. 1981ರಿಂದ 1983ರ ಶುರುವಿನವರೆಗಿನ ಬಿಡಿ ಸಂಚಿಕೆಗಳು.

“ಜೆ.ಪಿ. ನಗರದಲ್ಲಿ ಒಂದು ಮನೆ ಒಡೀತಾವ್ರೆ ಸಾರ್, ಅಪಾರ್ಟ್‌ಮೆಂಟ್ ಬರುತ್ತಂತೆ. ಅಲ್ಲಿಂದ ಬಂತು. ಬೇಕಾದ್ರೆ ಪೂರ್ತಿ ತಗೊಳ್ಳಿ, ಕೆ.ಜಿ. ಲೆಕ್ಕದಲ್ಲೇ ಕೊಡ್ತೀನಿ” ಎಂದರು ಅಂಗಡಿಯವರು. ಏಳು ಕೆ.ಜಿ. ಚಿಲ್ಲರೆ ತೂಗಿತು.

ಅಂದು ರಾತ್ರಿ ಊಟ ಮುಗಿಸಿ ಕಟ್ಟು ಬಿಚ್ಚಿದವನು ಎದ್ದಾಗ ಎರಡು ಗಂಟೆ. ಹಿಡಿದು ಕೂರಿಸಿದ್ದು ಲಂಕೇಶರೊಬ್ಬರೇ ಅಲ್ಲ. ಆ ಮನೆಯ ಓದುಗರು ಪೆನ್ಸಿಲ್ ಹಿಡಿದು ಓದುವವರು. ತಮ್ಮ ಹೆಸರನ್ನು ಎಲ್ಲೂ ಬರೆದುಕೊಂಡಿಲ್ಲ. ಆದರೆ ಒಂದು ಕೆಲಸವನ್ನು ವ್ರತದಂತೆ ಮಾಡಿದ್ದಾರೆ. ಮುಖ್ಯಮಂತ್ರಿ ಗುಂಡೂರಾವ್ ಅವರನ್ನು ಪತ್ರಿಕೆ ‘ಗುಂ’ ಎಂದು ಕರೆಯುತ್ತಿದ್ದುದು ಹಳಬರಿಗೆಲ್ಲ ನೆನಪಿದೆ. ರಾಜಕಾರಣಿ ಬಂಗಾರಪ್ಪನವರು ‘ಬಂ’ ಆಗಿದ್ದರು. ಈ ಓದುಗರು ‘ಗುಂ’ ಸಿಕ್ಕಲ್ಲೆಲ್ಲ ಅದರ ಮುಂದೆ, ಸಣ್ಣ ಅಕ್ಷರದಲ್ಲಿ, ‘ಡೂರಾವ್’ ಎಂದು ಸೇರಿಸಿದ್ದಾರೆ.

ಒಂದೇ ಸಂಚಿಕೆಯಲ್ಲಿ ಹನ್ನೊಂದು ಕಡೆ ಎಣಿಸಿದೆ. ತಲೆಬರಹಗಳನ್ನು ಮುಟ್ಟಿಲ್ಲ. ಅಲ್ಲಿ ಜಾಗದ ಇಕ್ಕಟ್ಟು ಇರುತ್ತದೆಂದು ವಿನಾಯಿತಿ ಕೊಟ್ಟರೋ ಏನೋ. ಒಳಗಿನ ಸಾಲುಗಳಲ್ಲಿ ಮಾತ್ರ ಒಂದನ್ನೂ ಬಿಟ್ಟಿಲ್ಲ. ಇವರು ಗುಂಡೂರಾವ್ ಅಭಿಮಾನಿಯಿರಬೇಕು ಎಂದುಕೊಂಡೆ. ಅದೂ ಅಲ್ಲ. ಸರ್ಕಾರವನ್ನು ಬಯ್ಯುವ ಪ್ಯಾರಾಗಳ ಪಕ್ಕದಲ್ಲೇ ‘ನಿಜ’, ‘ಇದು ಸರಿ’ ಎಂಬ ಒಪ್ಪಿಗೆಗಳಿವೆ. ಬಯ್ಗುಳಕ್ಕೆ ತಕರಾರಿಲ್ಲ, ಬಯ್ಯುವಾಗಲೂ ಪೂರ್ತಿ ಹೆಸರು ಹಿಡಿದು ಬಯ್ಯಿ ಎಂಬುದಷ್ಟೇ ಅವರ ಪಟ್ಟು. ಒಂದು ವರದಿಯ ಅಂಚಿನಲ್ಲಿ ಮಾತ್ರ ಮೂರು ಪದ, ಒತ್ತಿ ಬರೆದದ್ದು: “ಅವರನ್ನೂ ಒಮ್ಮೆ ಕೇಳಬೇಕಿತ್ತು.”

ಹಿನ್ನೆಲೆ ಓದುಗರಿಗೆ ಗೊತ್ತಿರುವಂಥದ್ದೇ. ಬೆಂಗಳೂರು ವಿಶ್ವವಿದ್ಯಾಲಯದ ಇಂಗ್ಲಿಷ್ ಮೇಷ್ಟ್ರು, ‘ಪಲ್ಲವಿ’ಯ ನಿರ್ದೇಶಕ ಪಿ. ಲಂಕೇಶ್ 1980ರ ಜುಲೈನಲ್ಲಿ ವಾರಪತ್ರಿಕೆ ಶುರು ಮಾಡಿದರು. ಅದೇ ತಿಂಗಳು ನರಗುಂದ, ನವಲಗುಂದದಲ್ಲಿ ರೈತರ ಮೇಲೆ ಗೋಲಿಬಾರ್ ಆಯಿತು. 1982ರಲ್ಲಿ ಕನ್ನಡದ ಪರವಾಗಿ ಗೋಕಾಕ್ ಚಳವಳಿ. 1983ರ ಜನವರಿಯಲ್ಲಿ ಕಾಂಗ್ರೆಸ್ ಸೋತು, ರಾಮಕೃಷ್ಣ ಹೆಗಡೆ ರಾಜ್ಯದ ಮೊದಲ ಕಾಂಗ್ರೆಸ್ಸೇತರ ಮುಖ್ಯಮಂತ್ರಿಯಾದರು. ಗುಂಡೂರಾವ್ ಅವರನ್ನು ಇಳಿಸಿದ್ದು ಪತ್ರಿಕೆಯೇ ಎಂದು ಹೇಳುವವರಿದ್ದಾರೆ. ನನಗೆ ಅಷ್ಟು ನಂಬಿಕೆಯಿಲ್ಲ. ಅದು ರೈತರ, ದಲಿತರ, ಕನ್ನಡ ಚಳವಳಿಯವರ ದುಡಿಮೆ. ಪತ್ರಿಕೆ ಆ ಸಿಟ್ಟಿಗೆ ಮಾತು ಕೊಟ್ಟಿತು. ಹೆಗಡೆಯವರು ಬಂದ ಮೇಲೆ ಅವರನ್ನೂ ಬಿಡಲಿಲ್ಲ.

ಇಡೀ ಕಟ್ಟಿನಲ್ಲಿ ಜಾಹೀರಾತು ಹುಡುಕಿದೆ. ಸೀರೆ ಅಂಗಡಿಯದಿಲ್ಲ, ಬ್ಯಾಂಕಿನದಿಲ್ಲ, ಸರ್ಕಾರದ್ದಂತೂ ಇಲ್ಲ. ಓದುಗ ಕೊಟ್ಟ ಕಾಸಿನಲ್ಲೇ ಕಾಗದ, ಮಸಿ, ಸಂಬಳ. ಯಾರ ಹಂಗೂ ಇಲ್ಲದ್ದರಿಂದಲೇ ಯಾರಿಗೂ ಹೆದರದೆ ಬರೆಯಲಾಯಿತು. ಇಪ್ಪತ್ತು ವರ್ಷ ರಾಜಕೀಯ ವರದಿ ಮಾಡಿದ ನನಗೆ ಆ ಖಾಲಿ ಜಾಗದ ಬೆಲೆ ಗೊತ್ತು. ಹಾಗೆಯೇ ಆ ಮೂರು ಪದದ ಬೆಲೆಯೂ ಗೊತ್ತು. ರಾತ್ರಿ ಪುಟ ಹೋಗುವ ಹೊತ್ತಾಯಿತೆಂದು, ಆರೋಪ ಹೊತ್ತವರಿಗೆ ಒಂದು ಫೋನೂ ಮಾಡದೆ ನಾನು ಕಳಿಸಿದ ವರದಿಗಳಿವೆ. ಹಂಗು ಇಲ್ಲದಿರುವುದು ಒಂದು, ಎದುರಿನವರ ಮಾತು ಕೇಳುವುದು ಇನ್ನೊಂದು. ಲಂಕೇಶ್ ಮೊದಲನೆಯದರಲ್ಲಿ ನಮಗೆಲ್ಲ ಮೇಷ್ಟ್ರು. ಎರಡನೆಯದರಲ್ಲಿ ಆ ಪೆನ್ಸಿಲ್ಲಿಗೆ ಕೆಲಸ ಉಳಿಸಿದ್ದರು.

ಮುಂದೆ ಅವರು ಪ್ರಗತಿರಂಗ ಎಂಬ ರಾಜಕೀಯ ಸಂಘಟನೆಯನ್ನೇ ಕಟ್ಟಲು ಹೊರಟರು. ಇಲ್ಲಿ ಮನಸ್ಸು ಹಿಂಜರಿಯುತ್ತದೆ. ಅಭಿಪ್ರಾಯ ಇಟ್ಟುಕೊಳ್ಳುವುದು ಪತ್ರಕರ್ತನ ಹಕ್ಕು. ಆದರೆ ತಾನೇ ಅಖಾಡಕ್ಕಿಳಿದವನು ಕುಸ್ತಿಯ ತೀರ್ಪು ಹೇಳಿದರೆ ಜನ ಅನುಮಾನದಿಂದ ನೋಡುವುದು ಸಹಜ. ಹಾಗೆಂದು ಬಾಗಿಲು ಮುಚ್ಚಿಬಿಡಲೂ ಆಗದು. ‘ವೃತ್ತಪತ್ರಿಕೆ’ ಎಂಬ ಪುಸ್ತಕವನ್ನೇ ಬರೆದ, 1928ರಲ್ಲಿ ಬಾಗಲಕೋಟೆಯ ಪತ್ರಕರ್ತರ ಸಮ್ಮೇಳನದ ಅಧ್ಯಕ್ಷತೆ ವಹಿಸಿದ ಡಿ.ವಿ.ಜಿ. ಕೂಡ ಆಗ ಮೈಸೂರು ಸಂಸ್ಥಾನದ ಶಾಸನ ಸಭೆಯ ಸದಸ್ಯರಾಗಿದ್ದರು. ಎಲ್ಲಿ ಕೂತು ಬರೆಯುತ್ತಿದ್ದೇನೆಂದು ಓದುಗನಿಂದ ಮುಚ್ಚಿಡದಿದ್ದರೆ ಅರ್ಧ ಋಣ ತೀರಿದಂತೆ.

ಲಂಕೇಶ್ 2000ದ ಜನವರಿಯಲ್ಲಿ ತೀರಿಕೊಂಡರು. ಮಗಳು ಗೌರಿ ಅದೇ ಹಾದಿ ಹಿಡಿದರು. 2008ರ ಒಂದು ವರದಿಗಾಗಿ ಹುಬ್ಬಳ್ಳಿಯ ನ್ಯಾಯಾಲಯ 2016ರಲ್ಲಿ ಅವರಿಗೆ ಆರು ತಿಂಗಳ ಶಿಕ್ಷೆ ವಿಧಿಸಿತು, ಜಾಮೀನು ಸಿಕ್ಕಿತು. ಮರುವರ್ಷ ಸೆಪ್ಟೆಂಬರ್ 5ರಂದು ಮನೆಯ ಮುಂದೆಯೇ ಹಂತಕರು ಅವರನ್ನು ಗುಂಡಿಕ್ಕಿ ಕೊಂದರು. ವರದಿ ತಪ್ಪೆನಿಸಿದರೆ ಉತ್ತರ ಬರೆಯಬಹುದು, ಕೋರ್ಟಿಗೆ ಹೋಗಬಹುದು, ಪೆನ್ಸಿಲ್ ಹಿಡಿಯಬಹುದು. ನಾಗರಿಕರಿಗೆ ಇರುವ ದಾರಿ ಇಷ್ಟೇ.

ಕಟ್ಟಿನ ತಳದಲ್ಲಿದ್ದದ್ದು ಚುನಾವಣೆ ಮುಗಿದ ಮೇಲಿನ ಸಂಚಿಕೆ. ಗುಂಡೂರಾವ್ ಸೋತು ಮನೆಗೆ ಹೋಗಿದ್ದರು. ಅವರ ಪರವಾಗಿ ಮಾತಾಡಿ ಯಾರಿಗೂ ಏನೂ ಆಗಬೇಕಿರಲಿಲ್ಲ. ಒಳಪುಟದಲ್ಲಿ ಮತ್ತೆ ‘ಗುಂ’ ಸಿಕ್ಕಿತು. ದೀಪದ ಹತ್ತಿರ ಹಿಡಿದು ನೋಡಿದೆ. ಪೆನ್ಸಿಲ್ ಮಾಸಿತ್ತು, ಆದರೂ ಓದಲು ಬರುತ್ತಿತ್ತು: ‘ಡೂರಾವ್’.